ಕತ್ತಿಗೆ ಹತ್ತಿದ ತಾಮ್ರ

ತೀರ್ಥಹಳ್ಳಿ ಕಡೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರು ಮಣ್ಣಿನ ಪೊಟ್ಟಣದ ಜೊತೆಗೆ ಒಂದು ಬಾಟಲಿಯನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. “ಇದನ್ನು ಸುರಿದರೆ ತೋಟದ ತಾಮ್ರವನ್ನೆಲ್ಲ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದಂತೆ. ಹೌದೇ ಸಾರ್?”

ಪೊಟ್ಟಣದಲ್ಲಿದ್ದದ್ದು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲೆಸುವ ಡ್ರಮ್ಮಿನ ಬುಡದ ಮಣ್ಣು. ಮೇಲೆ ತೆಳು ನೀಲಿ ಹಕ್ಕಳೆ. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲವಂತೆ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ರೂಢಿಗೆ ತಂದು ನೂರು ವರ್ಷ ದಾಟಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಆ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವೇ. ಇವರ ತೋಟಕ್ಕೆ ಒಂದು ಸುತ್ತು ಹೊಡೆಯಲು ನೂರು ಲೀಟರಿನ ಹತ್ತು ಡ್ರಮ್, ಮಳೆಗಾಲಕ್ಕೆ ಮೂರು ಸುತ್ತು: ವರ್ಷಕ್ಕೆ ಏಳೂವರೆ ಕಿಲೋ ತಾಮ್ರ. ಅದರಲ್ಲಿ ಹೆಚ್ಚಿನದು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ.

“ಸುಣ್ಣ ಸಾಕಾಯಿತೋ ಇಲ್ಲವೋ ಎಂದು ಹೇಗೆ ನೋಡುತ್ತೀರಿ?” ಎಂದು ಕೇಳಿದೆ.

“ಕತ್ತಿ ಅದ್ದುತ್ತೇವೆ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ.”

ಆ ಕೆಂಪೇ ತಾಮ್ರ. ನೀಲಿ ನೀರಿನಲ್ಲಿದ್ದದ್ದು ಕಬ್ಬಿಣದ ಮೇಲೆ ಬಂದು ಕೂತಿತು; ರೂಪ ಬದಲಾಯಿತು, ತಾಮ್ರ ಎಲ್ಲಿಗೂ ಹೋಗಲಿಲ್ಲ. ಬ್ಯಾಕ್ಟೀರಿಯಾ ಮಾಡುವುದೂ ಇಷ್ಟೇ. ಕೀಟನಾಶಕದ ಅಣುವನ್ನಾದರೆ ಅದು ಮುರಿದು ತಿಂದೀತು. ಲೋಹ ಮೂಲಧಾತು, ಮುರಿಯಲು ಅಲ್ಲಿ ಏನೂ ಇಲ್ಲ. ಕೆಲವು ಬ್ಯಾಕ್ಟೀರಿಯಾಗಳು ಋಣ ವಿದ್ಯುದಂಶವಿರುವ ತಮ್ಮ ಹೊರಗೋಡೆಗೆ ತಾಮ್ರವನ್ನು ಅಂಟಿಸಿಕೊಳ್ಳುತ್ತವೆ. ಗಾಳಿಯಾಡದ ಕೆಸರಿನಲ್ಲಿ ಬದುಕುವ ಕೆಲವು, ಗಂಧಕದೊಡನೆ ಕೂಡಿಸಿ ನೀರಿನಲ್ಲಿ ಕರಗದ ಕಪ್ಪು ಪುಡಿಯಾಗಿಸುತ್ತವೆ. ಕೆಸರು ಒಣಗಿ ಗಾಳಿ ತಗುಲಿದರೆ ಆ ಬೀಗ ಮತ್ತೆ ಸಡಿಲವಾಗುತ್ತದೆ. ಇನ್ನು ಕೆಲವು ಆಮ್ಲ ಸುರಿಸಿ ಲೋಹವನ್ನು ಕರಗಿಸುತ್ತವೆ. ಮಣ್ಣನ್ನು ಅಗೆದು ತೊಟ್ಟಿಗೆ ತುಂಬಿ, ಕರಗಿ ಬಂದ ನೀರನ್ನು ಹಿಡಿದಿಡುವಲ್ಲಿ ಅದು ಒಳ್ಳೆಯ ಉಪಾಯ. ನಮ್ಮ ಮಳೆಯಲ್ಲಿ, ಬಸಿಗಾಲುವೆಯ ಪಕ್ಕದಲ್ಲಿ? ತಾಮ್ರ ನೇರ ಹಳ್ಳಕ್ಕೆ, ಅಲ್ಲಿಂದ ತುಂಗೆಗೆ.

ಹಾಗಾಗಿ ಯಾರಾದರೂ “ಲೋಹ ತೆಗೆಯುತ್ತೇವೆ” ಎಂದರೆ ನಾನು ಕೇಳುವುದು ಒಂದೇ ಪ್ರಶ್ನೆ: ತೆಗೆದು ಎಲ್ಲಿಟ್ಟಿರಿ?

ಇವರ ತೋಟದಲ್ಲಿ ತಾಮ್ರವನ್ನು ತೆಗೆಯುವುದಕ್ಕಿಂತ ಬೇರಿಗೆ ಸಿಗದಂತೆ ಕಟ್ಟಿಹಾಕುವುದೇ ಸರಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ತಾಮ್ರ ಸುಲಭವಾಗಿ ಕರಗುತ್ತದೆ. ಮಣ್ಣು ಪರೀಕ್ಷೆ ನೋಡಿ ಸುಣ್ಣ ಹಾಕಬೇಕು, ಸೊಪ್ಪು ಗೊಬ್ಬರ ತಪ್ಪಿಸಬಾರದು; ಕಳಿತ ಸೊಪ್ಪು ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಅಲ್ಲಿಯೇ ಹುಟ್ಟಿ ತಾಮ್ರಕ್ಕೆ ಪಳಗಿದ ಬ್ಯಾಕ್ಟೀರಿಯಾಗಳೂ ಅದರಲ್ಲೇ ಬೆಳೆಯುತ್ತವೆ. ಡ್ರಮ್ ತೊಳೆದ ನೀರನ್ನು ಒಂದೇ ಮೂಲೆಗೆ ಚೆಲ್ಲುವುದಂತೂ ನಿಲ್ಲಬೇಕು.

ಅವರು ಹೊರಡುವಾಗ ಬಾಟಲಿಯನ್ನು ಇಲ್ಲೇ ಬಿಟ್ಟರು. ತಿರುಗಿಸಿ ನೋಡಿದೆ. ಬೆಲೆ ಇದೆ, ತಾಮ್ರದ ಹೆಸರಿದೆ. ಒಳಗಿರುವ ಬ್ಯಾಕ್ಟೀರಿಯಾ ಯಾವುದೆಂದು ಬರೆದಿಲ್ಲ.