ಮುಖ ತೋರಿಸದೆ ವ್ಯಾಪಾರ ಬೆಳೆಸಬಹುದಾ?

ಪ್ರಶ್ನೆ: ನಾನು ಸಾಗರದ ಕಡೆಯವಳು. ಮನೆಯಲ್ಲೇ ಅಪ್ಪೆಮಿಡಿ (ನಮ್ಮ ಮಲೆನಾಡಿನ ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತೇನೆ. ಇಷ್ಟು ದಿನ ಬಾಯಿಂದ ಬಾಯಿಗೆ ಹೋಗಿಯೇ ಗಿರಾಕಿಗಳು ಸಿಕ್ಕಿದ್ದಾರೆ. ಈಗ ಬೆಂಗಳೂರಿನಲ್ಲಿರುವ ನಾದಿನಿ ಮಗ, ‘ಅತ್ತೆ, ನೀವು ಮುಖ ತೋರಿಸಿ ದಿನಕ್ಕೊಂದು ರೀಲ್ಸ್ ಹಾಕ್ಲೇಬೇಕು, ಇಲ್ದಿದ್ರೆ ಈ ಕಾಲದಲ್ಲಿ ವ್ಯಾಪಾರ ಆಗಲ್ಲ’ ಅಂತಾನೆ. ಕ್ಯಾಮೆರಾ ಮುಂದೆ ನಿಲ್ಲುವುದು, ಮನೆ ಮಕ್ಕಳನ್ನೆಲ್ಲ ಊರಿಗೆ ತೋರಿಸುವುದು ನನಗೆ ಇಷ್ಟವಿಲ್ಲ. ಹಾಗೆ ಮಾಡದೆ ವ್ಯಾಪಾರ ಬೆಳೆಸೋಕೆ ಆಗುತ್ತಾ?

ಉತ್ತರ: ಆಗುತ್ತೆ. ಇದೇ ಪ್ರಶ್ನೆಯನ್ನು ಬ್ಲೌಸ್ ಹೊಲಿಯುವವರು, ಕೇಕ್ ಮಾಡುವವರು, ಸೀರೆಗೆ ಕುಚ್ಚು ಕಟ್ಟುವವರು, ಟ್ಯೂಷನ್ ಹೇಳುವವರು ಎಲ್ಲರೂ ಒಂದಲ್ಲ ಒಂದು ರೀತಿ ಕೇಳುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು, ನಿಮ್ಮ ಉಪ್ಪಿನಕಾಯಿ ಕೊಳ್ಳಬೇಕು ಅಂತಿರುವ ಒಬ್ಬರನ್ನು ನೆನೆಸಿಕೊಳ್ಳಿ. ಅವರಿರುವುದು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ. ನಿಮ್ಮ ಪರಿಚಯವಿಲ್ಲ. ಅವರ ತಲೆಯಲ್ಲಿ ಓಡುವ ಪ್ರಶ್ನೆಗಳು ಇಷ್ಟೇ: ಇವರು ನಿಜವಾಗಲೂ ಇದ್ದಾರಾ? ಮಿಡಿ ಚೆನ್ನಾಗಿದೆಯಾ? ಕಾಲು ಕೆಜಿಗೆ ಎಷ್ಟು? ದುಡ್ಡು ಹಾಕಿದ ಮೇಲೆ ಕಳಿಸ್ತಾರಾ? ಬಾಟಲಿ ಒಡೆದು ಬಂದರೆ ಫೋನ್ ಎತ್ತುತ್ತಾರಾ? ಇವಕ್ಕೆ ನೇರವಾದ ಉತ್ತರ ಸಿಕ್ಕರೆ ಅವರು ಆರ್ಡರ್ ಮಾಡುತ್ತಾರೆ. ನೀವು ಯಾವ ಸೀರೆ ಉಟ್ಟಿದ್ದೀರಿ, ನಿಮ್ಮ ಮಗಳು ಎಷ್ಟನೇ ಕ್ಲಾಸು ಅನ್ನುವುದು ಈ ಪಟ್ಟಿಯಲ್ಲೇ ಇಲ್ಲ.

ಹಾಗಾದರೆ ಈ ‘ಮುಖ ತೋರಿಸ್ಲೇಬೇಕು’ ಅನ್ನೋದು ಎಲ್ಲಿಂದ ಬಂತು? 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಶುರುಮಾಡಿತು. ಅದು ಕೊರೊನಾ ಸಮಯ. ಕೆಲಸ ಹೋದವರು, ಮನೆಯಲ್ಲೇ ಉಳಿದವರು ತಮಗೆ ಗೊತ್ತಿದ್ದ ಕಸುಬನ್ನು ಫೋನಿನಲ್ಲಿ ಮಾರಲು ಹೊರಟಿದ್ದೂ ಆಗಲೇ. ಎರಡೂ ಒಟ್ಟಿಗೆ ನಡೆದಿದ್ದರಿಂದ ಸಣ್ಣ ವ್ಯಾಪಾರ ಅಂದರೆ ರೀಲ್ಸ್, ರೀಲ್ಸ್ ಅಂದರೆ ಮುಖ ಅನ್ನುವ ಹಾಗಾಯಿತು. ಜೊತೆಗೆ ಒಂದನ್ನು ಗಮನಿಸಿ. ದಿನಾ ರೀಲ್ಸ್ ಹಾಕಿ ಅಂತ ಸಲಹೆ ಕೊಡುವವರಲ್ಲಿ ಹೆಚ್ಚಿನವರ ದುಡಿಮೆಯೇ ರೀಲ್ಸ್. ಜನ ತಮ್ಮನ್ನು ನೋಡುತ್ತಾ ಕೂತರೆ ಅವರಿಗೆ ಜಾಹೀರಾತು ಸಿಗುತ್ತದೆ. ಅವರ ಮಟ್ಟಿಗೆ ಆ ಸಲಹೆ ಸರಿ. ನೀವು ಮಾರುವುದು ಉಪ್ಪಿನಕಾಯಿ. ನಿಮ್ಮ ವಿಡಿಯೊವನ್ನು ಐದು ಲಕ್ಷ ಜನ ನೋಡಿ ಯಾರೂ ಬಾಟಲಿ ಕೊಳ್ಳದಿದ್ದರೆ ನಿಮಗೆ ಬರುವುದೇನೂ ಇಲ್ಲ.

ಇನ್ನೊಂದು ಲೆಕ್ಕವನ್ನೂ ನೀವೇ ಹಾಕಿ ನೋಡಿ. ಅಪ್ಪೆಮಿಡಿ ಸಿಗುವುದೇ ವರ್ಷಕ್ಕೊಮ್ಮೆ, ಅದೂ ಕೆಲವೇ ವಾರ. ಒಳ್ಳೆ ಮರದ ಮಿಡಿಗೆ ಪೈಪೋಟಿ ಬೇರೆ. ನೀವು ವರ್ಷಕ್ಕೆ ಮುನ್ನೂರು ಬಾಟಲಿ ಮಾಡುವವರಾದರೆ ಬೇಕಾಗಿರುವುದು ಮತ್ತೆ ಮತ್ತೆ ಕೇಳುವ ನೂರು, ನೂರೈವತ್ತು ಮನೆಗಳು. ಬಾಯಿಂದ ಬಾಯಿಗೆ ಹೋಗಿ ಸಿಕ್ಕ ಗಿರಾಕಿಗಳು ಅಂಥವರೇ. ಅವರನ್ನು ಉಳಿಸಿಕೊಂಡು ಅವರ ನೆಂಟರಿಷ್ಟರಿಗೆ ನಿಮ್ಮ ನಂಬರ್ ಸುಲಭವಾಗಿ ಸಿಗುವ ಹಾಗೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಎಲ್ಲ ಕಸುಬಿಗೂ ಇದೇ ಮಾತು ಹೊಂದುವುದಿಲ್ಲ ಅನ್ನುವುದನ್ನೂ ಹೇಳಬೇಕು. ಮೇಕಪ್ ಮಾಡುವವರು, ಯೋಗ ಹೇಳಿಕೊಡುವವರು, ಸಂಗೀತದ ಮೇಷ್ಟ್ರು ಇವರಿಗೆಲ್ಲ ಜನ ಬರುವುದೇ ಆ ವ್ಯಕ್ತಿಯನ್ನು ನಂಬಿ. ಅಲ್ಲಿ ಮುಖವನ್ನು ಪೂರ್ತಿ ಮರೆಮಾಡಿದರೆ ನಷ್ಟವೇ. ಆದರೂ ಕಸುಬು ಮಾಡುತ್ತಿರುವಾಗಿನ ಮುಖ ತೋರಿಸಿದರೆ ಸಾಕು. ಬೆಳಗಿನ ಕಾಫಿ, ಮಗುವಿನ ಹುಟ್ಟುಹಬ್ಬ, ಗಂಡನ ಜೊತೆಗಿನ ಪ್ರವಾಸ ಬೇಕಾಗಿಲ್ಲ. ಉಪ್ಪಿನಕಾಯಿ, ಬಟ್ಟೆ, ಗಿಡ, ಕರಕುಶಲ ವಸ್ತು ಮಾರುವವರಿಗಂತೂ ಮುಖ ತೋರಿಸುವುದು ಅವರವರ ಇಷ್ಟ. ತೋರಿಸಿದರೆ ಒಂದಷ್ಟು ಜನಕ್ಕೆ ಬೇಗ ಹತ್ತಿರವಾಗಬಹುದು, ಅದು ನಿಜ. ತೋರಿಸದಿದ್ದರೆ ಸ್ವಲ್ಪ ನಿಧಾನವಾಗಬಹುದು. ಆ ನಿಧಾನ ನಿಮಗೆ ಒಪ್ಪಿಗೆಯಾದರೆ ಮುಗಿಯಿತಲ್ವಾ?

ಹಾಗಾದರೆ ಏನು ತೋರಿಸಬೇಕು? ನಿಮ್ಮ ಕೈಯಲ್ಲಿರುವುದನ್ನು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಇದು ಈ ಸೀಮೆಯದ್ದೇ ವಿಶೇಷ ಅನ್ನುವ ಸರ್ಕಾರದ ಗುರುತು ಇದೆ, ಆದರೂ ಮಲೆನಾಡಿನ ಹೊರಗೆ ಎಷ್ಟೋ ಜನಕ್ಕೆ ಅದು ಬರೀ ಸಣ್ಣ ಮಾವಿನಕಾಯಿ. ಅವರಿಗೆ ತೋರಿಸಿ. ತೊಟ್ಟಿನ ಸಮೇತ ಕೊಯ್ದ ಮಿಡಿ. ತೊಟ್ಟು ಮುರಿದ ಕೂಡಲೇ ಚಿಮ್ಮುವ ಸೊನೆ. ಆ ಸೊನೆಯಲ್ಲೇ ಪರಿಮಳವೆಲ್ಲ ಇರುವುದು, ತೊಟ್ಟಿನ ಸಮೇತ ಕೊಯ್ಯುವುದು ಅದಕ್ಕೇ ಅಂತ ಒಂದು ಮಾತು ಹೇಳಿ. ಉಪ್ಪಿನಲ್ಲಿ ಹಾಕಿದ ದಿನ ನುಣ್ಣಗೆ ಹಸಿರಾಗಿದ್ದ ಮಿಡಿ, ಕೆಲವು ವಾರ ಕಳೆದ ಮೇಲೆ ಭರಣಿ ಮುಚ್ಚಳ ತೆಗೆದಾಗ ಮುರುಟಿಕೊಂಡು ಬಣ್ಣ ತಿರುಗಿರುವುದು. ಸಾಸಿವೆ, ಮೆಣಸು ಬೀಸಿ ಕಲಸುವಾಗಿನ ನಿಮ್ಮ ಎರಡು ಕೈ. ಅಪ್ಪೆಮಿಡಿಯಲ್ಲೇ ಜೀರಿಗೆ ಅಪ್ಪೆ ಅನ್ನುವ ಜಾತಿಗೂ ಮಾಳಂಜಿ ಅನ್ನುವ ಜಾತಿಗೂ ಏನು ವ್ಯತ್ಯಾಸ ಅಂತ ಹೇಳುವ ನಿಮ್ಮ ದನಿ. ಇದನ್ನೆಲ್ಲ ನೋಡಿದವರಿಗೆ ಇವರು ಕೆಲಸ ಗೊತ್ತಿರುವವರು ಅನ್ನುವುದು ತಾನಾಗೇ ತಿಳಿಯುತ್ತದೆ. ನನ್ನ ಕೇಳಿದರೆ, ಕ್ಯಾಮೆರಾ ನೋಡಿ ‘ಹಾಯ್ ಫ್ರೆಂಡ್ಸ್’ ಅನ್ನುವುದಕ್ಕಿಂತ ಇದೇ ಜಾಸ್ತಿ ನಂಬಿಕೆ ಹುಟ್ಟಿಸುವುದು.

ನಮ್ಮ ಬಡಾವಣೆಯಲ್ಲಿ ಕುಚ್ಚು ಕಟ್ಟುವ ಒಬ್ಬರಿದ್ದಾರೆ. ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿ ಇಟ್ಟು, ಸೆರಗಿನ ಅಂಚು, ದಾರ, ಮಣಿ, ಬೆರಳು ಇಷ್ಟೇ ಕಾಣುವ ಹಾಗೆ ವಿಡಿಯೊ ಮಾಡುತ್ತಾರೆ. ಯಾವ ಸೀರೆಗೆ ಯಾವ ಬಣ್ಣದ ದಾರ ಹೊಂದುತ್ತದೆ ಅಂತ ಮಾತಾಡುತ್ತಾ ಕಟ್ಟುತ್ತಾರೆ. ಒಮ್ಮೆಯೂ ಮುಖ ತೋರಿಸಿಲ್ಲ. ಮದುವೆ ಸೀಸನ್‌ನಲ್ಲಿ ಅವರ ಹತ್ತಿರ ಸೀರೆ ಕೊಟ್ಟರೆ ಕೈಗೆ ಸಿಗಲು ತಿಂಗಳು ಕಾಯಬೇಕು. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನೇ ನೋಡಿ. 1943ರಿಂದ ಇರುವ ಹೋಟೆಲ್. ಅದರ ಹೆಸರು ಹೇಳಿದರೆ ಜನರ ಕಣ್ಣ ಮುಂದೆ ಬರುವುದು ಒಂದೇ ಕೈಯಲ್ಲಿ ದೋಸೆ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬರುವ ಸಪ್ಲೈಯರ್. ಮಾಲೀಕರ ಮನೆ ವಿಷಯ ಅಲ್ಲ. ಆ ದೃಶ್ಯದ ಫೋಟೊ ತೆಗೆದು ಹಾಕುವವರೂ ಹೆಚ್ಚಾಗಿ ತಿನ್ನಲು ಬಂದವರೇ.

ಮುಖ ತೋರಿಸದಿದ್ದರೂ ವಿಡಿಯೊದಲ್ಲಿ ಬೇರೆ ಏನೇನೋ ಹೊರಬೀಳುತ್ತದೆ. ಇದರ ಬಗ್ಗೆ ನನಗೆ ನಿಜವಾದ ಕಾಳಜಿ ಇದೆ. ಹಾಕುವ ಮೊದಲು ಒಮ್ಮೆ ಮಿಡಿಯನ್ನು ಬಿಟ್ಟು ಅದರ ಹಿಂದೆ ಏನಿದೆ ಅಂತ ನೋಡಿ. ಗೋಡೆ ಮೊಳೆಗೆ ನೇತುಹಾಕಿದ ಮಗಳ ಶಾಲೆಯ ಐಡಿ ಕಾರ್ಡು. ಫ್ರಿಜ್ ಮೇಲೆ ಹೆಸರು, ವಿಳಾಸ ಮೇಲಾಗಿ ಇಟ್ಟ ಗ್ಯಾಸ್ ಬುಕ್ಕು. ಕಿಟಕಿಯಾಚೆ ಪಕ್ಕದ ಅಂಗಡಿ ಬೋರ್ಡು. ಗೇಟಿನ ಹತ್ತಿರ ನಿಲ್ಲಿಸಿದ ಸ್ಕೂಟಿಯ ನಂಬರ್. ಪ್ಯಾಕ್ ಮಾಡಿಟ್ಟ ಪಾರ್ಸಲ್ ಮೇಲೆ ಗಿರಾಕಿಯ ಹೆಸರು, ಮನೆ ನಂಬರ್, ಫೋನ್. ಒಂದು ಬಿಳಿ ಪಂಚೆಯನ್ನು ಹಿಂದೆ ಕಟ್ಟಿಕೊಂಡು ಅದರ ಮುಂದೆ ಶೂಟ್ ಮಾಡಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಗಿರಾಕಿ ಕಳಿಸಿದ ಮೆಚ್ಚುಗೆಯ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕುವಾಗಲೂ ಅವರನ್ನು ಒಂದು ಮಾತು ಕೇಳಿ, ಹೆಸರು ಮತ್ತು ನಂಬರ್ ಅಳಿಸಿ. ನಿಮಗೆ ಹೇಗೆ ಸಂಕೋಚವೋ ಅವರಿಗೂ ಹಾಗೆಯೇ.

ಮಕ್ಕಳ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ವ್ಯಾಪಾರದ ಖಾತೆಯಲ್ಲಿ ಮಕ್ಕಳು ಬೇಡ. ದೊಡ್ಡವರು ಬೇಡ ಅನ್ನಬಹುದು, ಮಗುವಿಗೆ ಅದು ಗೊತ್ತಾಗುವುದಿಲ್ಲ. ಅಳಿಸಿದ ವಿಡಿಯೊ ನಿಮ್ಮ ಖಾತೆಯಿಂದ ಮಾತ್ರ ಹೋಗುತ್ತದೆ, ಅಷ್ಟರೊಳಗೆ ಡೌನ್‌ಲೋಡ್ ಮಾಡಿಕೊಂಡವರ ಫೋನಿನಿಂದ ಹೋಗುವುದಿಲ್ಲ. ನಾನು ಎಲ್ಲದಕ್ಕೂ ಇದೇ ಅಳತೆ ಇಟ್ಟುಕೊಳ್ಳುತ್ತೇನೆ. ಬೆಲೆ ತಪ್ಪಾಗಿ ಹಾಕಿದರೆ ನಾಳೆ ತಿದ್ದಬಹುದು. ಮನೆಯ ದಾರಿ, ಮಗುವಿನ ಶಾಲೆ, ಗಂಡ ಊರಲ್ಲಿ ಇರದ ದಿನಗಳು ಒಮ್ಮೆ ಹೊರಗೆ ಹೋದರೆ ವಾಪಸ್ ಬರುವುದಿಲ್ಲ. ಅಂಥದ್ದನ್ನು ಹಾಕಲೇಬೇಡಿ. ನಿಮ್ಮ ಕಡೆ ಮನೆಗಳಲ್ಲಿ ಬಂದವರನ್ನು ಜಗಲಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು ಮಾತಾಡಿಸುತ್ತೀರಿ. ಒಳಮನೆಗೆ ಕರೆಯಲಿಲ್ಲ ಅಂತ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಫೋನಿನ ವ್ಯಾಪಾರಕ್ಕೂ ಜಗಲಿ ಸಾಕು.

ಇನ್ನು ಕಾನೂನು. ಮುಖ ತೋರಿಸಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಆದರೆ ಬಾಟಲಿಯ ಲೇಬಲ್ ಮೇಲೆ ಕೆಲವು ವಿಷಯ ಇರಲೇಬೇಕು. ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ಏನೇನು ಹಾಕಿದ್ದೀರಿ, ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ದೂರು ಹೇಳಲು ಒಂದು ನಂಬರ್, ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ. ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2020ರ ಇ-ಕಾಮರ್ಸ್ ನಿಯಮಗಳೂ ಆನ್‌ಲೈನ್‌ನಲ್ಲಿ ಮಾರುವವರ ಹೆಸರು, ವಿಳಾಸ, ಸಂಪರ್ಕ ಗ್ರಾಹಕರಿಗೆ ಗೊತ್ತಿರಬೇಕು ಅನ್ನುತ್ತವೆ. ಇದನ್ನು ಖಾಸಗಿ ವಿಷಯ ಅಂತ ಮುಚ್ಚಿಡಬೇಡಿ. ತಿನ್ನುವವರಿಗೆ ಅದು ಸಿಗಬೇಕಾದ ಮಾಹಿತಿ. ಹೆಣ್ಣುಮಗಳೊಬ್ಬಳೇ ಇರುವ ಮನೆಯಾದರೆ ತಯಾರಿಗೆ ಬೇರೆ ಜಾಗ ಮಾಡಿಕೊಂಡು ಅಲ್ಲಿಂದಲೇ ನೋಂದಣಿ ಮಾಡಿಸುವುದು ಒಳ್ಳೆಯದು. ಆಗ ಲೇಬಲ್ ಮೇಲೆ ಬರುವುದು ಆ ಜಾಗದ ವಿಳಾಸ. ಸ್ವಸಹಾಯ ಸಂಘದಲ್ಲಿ ಇರುವವರು ನಾಲ್ಕು ಜನ ಸೇರಿ ಇಂಥ ಜಾಗ ಹಿಡಿಯಬಹುದು.

ಫೋನಿನ ಕಡೆ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ವ್ಯಾಪಾರಕ್ಕೆ ಬೇರೆ ಸಿಮ್ ತಗೊಳ್ಳಿ. ಅದೇ ಫೋನಿನಲ್ಲಿ ಮಾಮೂಲಿ ವಾಟ್ಸಾಪ್ ಜೊತೆಗೆ ಹೊಸ ನಂಬರಿಗೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಬಹುದು. 2018ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಕ್ಯಾಟಲಾಗ್ ಇರುತ್ತದೆ, ಒಂದೊಂದು ಪದಾರ್ಥದ ಫೋಟೊ, ತೂಕ, ಬೆಲೆ ಹಾಕಿಟ್ಟರೆ ‘ರೇಟ್ ಎಷ್ಟು’ ಅಂತ ನೂರು ಸಲ ಉತ್ತರ ಕೊಡುವುದು ತಪ್ಪುತ್ತದೆ. ಯುಪಿಐ ಐಡಿಯಲ್ಲಿ ನಿಮ್ಮ ಸ್ವಂತ ಫೋನ್ ನಂಬರ್ ಇದ್ದರೆ ಬೇರೆ ಐಡಿ ಮಾಡಿಕೊಳ್ಳಿ. ಇನ್‌ಸ್ಟಾಗ್ರಾಮ್ ಬೇಕೆನಿಸಿದರೆ ನಿಮ್ಮ ಈಗಿನ ಖಾತೆಯನ್ನೇ ಬಿಸಿನೆಸ್ ಖಾತೆ ಮಾಡಬೇಡಿ. ಬಿಸಿನೆಸ್ ಖಾತೆಯನ್ನು ಪ್ರೈವೇಟ್ ಮಾಡಲು ಬರುವುದಿಲ್ಲ, ಹಳೇ ಮದುವೆ ಫೋಟೊ ಎಲ್ಲ ಎಲ್ಲರಿಗೂ ಕಾಣುತ್ತದೆ. ಹೊಸದನ್ನೇ ತೆರೆಯಿರಿ. ಊರೊಳಗೆ ನೀವೇ ಮನೆಮನೆಗೆ ತಲುಪಿಸುವುದಿದ್ದರೆ ಗೂಗಲ್‌ನಲ್ಲಿ ವ್ಯಾಪಾರದ ಹೆಸರು ಸೇರಿಸಿ. ಮ್ಯಾಪ್‌ನಲ್ಲಿ ಮನೆ ವಿಳಾಸ ಕಾಣದಂತೆ ಮಾಡಿ, ಯಾವ ಯಾವ ಊರಿಗೆ ಕೊಡುತ್ತೀರಿ ಅನ್ನುವುದನ್ನಷ್ಟೇ ತೋರಿಸಲು ಅದರಲ್ಲಿ ಅವಕಾಶ ಇದೆ.

ನಾದಿನಿ ಮಗ ಪ್ರೀತಿಯಿಂದಲೇ ಹೇಳುತ್ತಿದ್ದಾನೆ, ಅವನ ಮೇಲೆ ಬೇಸರ ಬೇಡ. ‘ನೀನು ಈ ಕ್ಯಾಟಲಾಗ್ ಮಾಡಿಕೊಡಪ್ಪ, ನಾನು ಫೋಟೊ ಕಳಿಸ್ತೀನಿ’ ಅನ್ನಿ. ಅವನ ಹುರುಪಿಗೆ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ. ಆದರೆ ‘ಅತ್ತೆಗೆ ನಾಚಿಕೆ, ಹಳೇ ಕಾಲದವರು’ ಅನ್ನುವ ಮಾತು ಬಂದರೆ ಒಪ್ಪಿಕೊಳ್ಳಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ ಎಂಬತ್ತು ದಾಟಿದ ವಯಸ್ಸಿನಲ್ಲಿ. ಅದು ಸರ್ಕಾರದ ವಿರುದ್ಧದ ಮೊಕದ್ದಮೆ, ಗಿರಾಕಿಗೂ ನಿಮಗೂ ಸಂಬಂಧಪಟ್ಟದ್ದಲ್ಲ. ಆದರೂ ತನ್ನ ಬಗ್ಗೆ ಏನನ್ನು ಹೊರಗೆ ಬಿಡಬೇಕು ಅನ್ನುವುದು ಮನುಷ್ಯನ ಘನತೆಗೆ ಸೇರಿದ್ದು ಅಂತ ದೇಶದ ದೊಡ್ಡ ಕೋರ್ಟು ಒಪ್ಪಿದೆ. ನಿಮ್ಮ ಮನಸ್ಸು ಹೇಳುತ್ತಿರುವುದೂ ಅದನ್ನೇ.

ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿ, ಹನ್ನೊಂದೂ ಐದಕ್ಕೆ ‘ಯಾಕೆ ರಿಪ್ಲೈ ಇಲ್ಲ’ ಅನ್ನುವವರೂ ಸಿಗುತ್ತಾರೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಮಯ ಗೊತ್ತುಮಾಡಿ, ಅದರ ಆಚೆ ಬಂದ ಮೆಸೇಜಿಗೆ ‘ಬೆಳಿಗ್ಗೆ ಹತ್ತರ ಮೇಲೆ ಉತ್ತರ ಕೊಡುತ್ತೇವೆ’ ಅಂತ ತಾನಾಗೇ ಹೋಗುವ ಹಾಗೆ ಮಾಡಿಡಿ. ಹೇಳಿದ ಸಮಯಕ್ಕೆ ಉತ್ತರ ಕೊಟ್ಟರೆ ಜನ ಹೊಂದಿಕೊಳ್ಳುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ಯಾರಾದರೂ ಅಸಹ್ಯವಾಗಿ ಕಮೆಂಟ್ ಮಾಡಿದರೆ ವಾದಕ್ಕೆ ಇಳಿಯಬೇಡಿ. ‘ರಿಸ್ಟ್ರಿಕ್ಟ್’ ಒತ್ತಿದರೆ ಅವರು ಮುಂದೆ ಹಾಕುವ ಕಮೆಂಟ್ ನೀವು ಒಪ್ಪುವ ತನಕ ಅವರಿಗೆ ಮಾತ್ರ ಕಾಣುತ್ತದೆ.

ದಿನಕ್ಕೊಂದು ಪೋಸ್ಟ್ ಅನ್ನುವ ಕಟ್ಟುಪಾಡಂತೂ ನಿಮಗೆ ಬೇಡವೇ ಬೇಡ. ಮಿಡಿ ಬಂದಾಗ, ಉಪ್ಪಿಗೆ ಹಾಕಿದಾಗ, ಬಾಟಲಿ ತುಂಬಿ ಆರ್ಡರ್ ಶುರುವಾದಾಗ ಒಂದೊಂದು ಹಾಕಿ. ಹಲಸಿನ ಕಾಲಕ್ಕೆ ಹಪ್ಪಳದ್ದು ಎರಡು. ಮಾಲು ಖಾಲಿಯಾದಾಗ ‘ಈ ವರ್ಷದ್ದು ಮುಗಿಯಿತು, ಮುಂದಿನ ಬುಕಿಂಗ್ ಯುಗಾದಿ ಆದ ಮೇಲೆ’ ಅಂತ ಒಂದು ಪೋಸ್ಟ್ ಹಾಕಿ, ಅದನ್ನೇ ಮೇಲೆ ಪಿನ್ ಮಾಡಿ. ಹೆಸರು ಬರೆಸಿದವರ ಪಟ್ಟಿ ಇಟ್ಟುಕೊಂಡು ಮಿಡಿ ಬಂದ ವಾರ ಮೊದಲು ಅವರಿಗೇ ಮೆಸೇಜ್ ಮಾಡಿ.