ಅಮ್ಮನಿಗೆ ಕ್ಯಾನ್ಸರ್ ಎಂದು ಅಮ್ಮನಿಗೇ ಹೇಳಬೇಕೆ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಸ್ತನದಲ್ಲಿ ಗಂಟು ಕಾಣಿಸಿತು, ಬಯಾಪ್ಸಿ ಮಾಡಿಸಿದೆವು, ಕ್ಯಾನ್ಸರ್ ಎಂದು ವರದಿ ಬಂದಿದೆ. "ಗೊತ್ತಾದರೆ ಕುಗ್ಗಿಹೋಗ್ತಾಳೆ, ಸುಮ್ಮನೆ ಗಡ್ಡೆ ಅಂದುಬಿಡೋಣ" ಎನ್ನುತ್ತಾನೆ ಅಣ್ಣ. ಹೇಳುವುದೋ ಬೇಡವೋ? ಚಿಕಿತ್ಸೆ ಶುರುವಾದ ಮೇಲೆ ನಾವು ಏನೇನು ನೋಡಿಕೊಳ್ಳಬೇಕು?

ಹೇಳಿ. ನಾನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ: ನಮ್ಮ ದೊಡ್ಡಮ್ಮನಿಗೆ ನಾವು ಹೇಳಿರಲಿಲ್ಲ.

"ಸಣ್ಣ ಗಡ್ಡೆ, ಕರಗೋಕೆ ಇಂಜೆಕ್ಷನ್ ಕೊಡ್ತಾರೆ" ಎಂದಿದ್ದೆವು. ಮೊದಲ ಕೀಮೋ ಆಗಿ ಒಂಬತ್ತನೆಯ ರಾತ್ರಿ ಅವರಿಗೆ ಚಳಿಜ್ವರ ಬಂತು. ಗಡ್ಡೆಯ ಇಂಜೆಕ್ಷನ್‌ಗೆ ಬಂದ ಜ್ವರಕ್ಕೆ ಮಕ್ಕಳ ನಿದ್ದೆ ಯಾಕೆ ಕೆಡಿಸಬೇಕು ಎಂದು ಎರಡು ಕಂಬಳಿ ಹೊದ್ದು ಮಲಗಿಬಿಟ್ಟರು. ಬೆಳಿಗ್ಗೆ ನೋಡಿದರೆ ತುಟಿ ಒಣಗಿತ್ತು, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಐದು ದಿನ ಆ್ಯಂಟಿಬಯಾಟಿಕ್ ಡ್ರಿಪ್ ಹಾಕಬೇಕಾಯಿತು. ಮೂರನೆಯ ದಿನ ಅವರೇ ಕೇಳಿದರು: "ಈ ವಾರ್ಡಿನಲ್ಲಿ ಇರೋರಿಗೆಲ್ಲ ಕ್ಯಾನ್ಸರು. ನನಗೊಬ್ಬಳಿಗೆ ಮಾತ್ರ ಗಡ್ಡೆಯೇನೋ?" ಎಷ್ಟು ದಿನದಿಂದ ಗೊತ್ತಿತ್ತೋ ಏನೋ. ನಾವು ಅಳುತ್ತೇವೆಂದು ಅವರೂ ಬಾಯಿಬಿಟ್ಟಿರಲಿಲ್ಲ. ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬೇರೆಬೇರೆಯಾಗಿ ಹೆದರಿದ್ದೆವು.

ಅಂದಮಾತ್ರಕ್ಕೆ ಎಲ್ಲವನ್ನೂ ಒಂದೇ ಸಲ ಸುರಿಯಬೇಕೆಂದಿಲ್ಲ. "ಡಾಕ್ಟರ್ ಹೇಳಿದ್ದನ್ನೆಲ್ಲ ನೀನೇ ಕೇಳ್ತೀಯಾ, ಇಲ್ಲ ನಾವು ಕೇಳಿಕೊಂಡು ಬೇಕಾದಷ್ಟು ಹೇಳೋಣವಾ?" ಎಂದು ಅಮ್ಮನನ್ನೇ ಕೇಳಿ. ಕಾಯಿಲೆಯ ಹೆಸರು, ಕೊಡುವ ಚಿಕಿತ್ಸೆ, ಎಚ್ಚರ ವಹಿಸಬೇಕಾದ ಲಕ್ಷಣ, ಇಷ್ಟಂತೂ ಅವರಿಗೆ ಗೊತ್ತಿರಲೇಬೇಕು. ಮುಂದೇನಾಗಬಹುದು ಎಂಬುದನ್ನು ಎಷ್ಟು ಕೇಳಬೇಕು ಎನ್ನುವುದು ಅವರಿಗೇ ಬಿಟ್ಟದ್ದು. ಹೇಳಲು ನಾಲಿಗೆ ಏಳದಿದ್ದರೆ ಡಾಕ್ಟರರನ್ನೇ ಹೇಳುವಂತೆ ಕೇಳಿಕೊಳ್ಳಿ. ಅವರು ಹೇಳುವಾಗ ನೀವು ಪಕ್ಕದಲ್ಲಿರಿ.

ವರದಿಯ ಬಗ್ಗೆ ಒಂದು ಮಾತು. ಅದರಲ್ಲಿ 'ಗ್ರೇಡ್ 3' ಎಂದು ಕಂಡು ಮೂರನೆಯ ಹಂತವೇ ಬಂದಿದೆ ಎಂದು ಎದೆಯೊಡೆದುಕೊಳ್ಳುವವರು ಬಹಳ. ಎರಡೂ ಬೇರೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶಗಳು ಸಹಜ ಕೋಶಗಳಿಗಿಂತ ಎಷ್ಟು ಬೇರೆಯಾಗಿ ಕಾಣುತ್ತವೆ ಎಂಬುದು ಗ್ರೇಡ್. ಕಾಯಿಲೆ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಸ್ಟೇಜ್, ಅಂದರೆ ಹಂತ. ಅದನ್ನು 1ರಿಂದ 4ರವರೆಗೆ ಹೇಳುತ್ತಾರೆ. ಗಡ್ಡೆಯ ಗಾತ್ರ, ಕಂಕುಳಿನ ಗ್ರಂಥಿಗಳು, ಬೇಕಿದ್ದರೆ ಸ್ಕ್ಯಾನ್, ಇವನ್ನೆಲ್ಲ ನೋಡಿಯೇ ಅದನ್ನು ಹೇಳುವುದು. ಸ್ತನ ಕ್ಯಾನ್ಸರ್ ಆದ್ದರಿಂದ ಇಆರ್, ಪಿಆರ್ (ಕ್ಯಾನ್ಸರ್ ಕೋಶಗಳಲ್ಲಿ ಹಾರ್ಮೋನ್ ಹಿಡಿದುಕೊಳ್ಳುವ ಗ್ರಾಹಕಗಳು), ಹರ್-2 (ಕೋಶ ಬೆಳೆಯಲು ನೆರವಾಗುವ ಒಂದು ಪ್ರೋಟೀನ್) ಎಂಬ ಮೂರು ಪರೀಕ್ಷೆಗಳ ಫಲಿತಾಂಶವೂ ಬರಬೇಕು. ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆಯೇ, ಹರ್-2ಗೆಂದೇ ಇರುವ ಔಷಧ ಬೇಕೇ ಎಂಬುದು ಇವುಗಳಿಂದಲೇ ತಿಳಿಯುವುದು. ಇದಕ್ಕೆ ಕೆಲವು ದಿನ ಹಿಡಿದರೆ ಚಿಕಿತ್ಸೆ ತಡವಾಯಿತೆಂದು ಹೆದರಬೇಡಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಕೇಳಲು ಇದೇ ಸರಿಯಾದ ಹೊತ್ತು. ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆಂಬ ಸಂಕೋಚ ಬೇಡ.

ಇನ್ನು ಮನೆಯವರ ಕೆಲಸ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 'ಕ್ಯಾನ್ಸರ್' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಡಾಕ್ಟರ್ ಹೇಳುವ ಹೆಚ್ಚಿನದು ರೋಗಿಯ ತಲೆಗೆ ಹೋಗುವುದಿಲ್ಲ. ಹಾಗಾಗಿ ಯಾವಾಗಲೂ ಜೊತೆಗೊಬ್ಬರು ಹೋಗಿ, ಬರೆದುಕೊಳ್ಳಿ. ಈ ಚಿಕಿತ್ಸೆಯ ಗುರಿ ಏನು, ವಾಸಿಮಾಡುವುದೋ ಹತೋಟಿಯಲ್ಲಿಡುವುದೋ? ಬೇರೆ ದಾರಿ ಇದೆಯೇ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಈ ಮೂರಕ್ಕೆ ಉತ್ತರ ಸಿಗದೆ ಎದ್ದು ಬರಬೇಡಿ.

ಕೀಮೋ ಶುರುವಾದರೆ ಥರ್ಮಾಮೀಟರ್ ಕೈಗೆ ಸಿಗುವಲ್ಲಿರಲಿ. ಸಾಮಾನ್ಯವಾಗಿ ಪ್ರತಿ ಸಲ ಔಷಧ ಕೊಟ್ಟ 7ರಿಂದ 14ನೆಯ ದಿನದ ನಡುವೆ ಬಿಳಿರಕ್ತಕಣ ತೀರಾ ಕಡಿಮೆಯಾಗುತ್ತದೆ, ಸೋಂಕನ್ನು ಎದುರಿಸುವ ಬಲ ದೇಹಕ್ಕಿರುವುದಿಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಕೂಡಲೇ ಆಸ್ಪತ್ರೆಗೆ. ಕೇಳದೆ ಜ್ವರದ ಮಾತ್ರೆಯನ್ನೂ ನುಂಗಿಸಬೇಡಿ, ಸೋಂಕಿನ ಸುಳಿವೇ ಅಡಗಿಹೋಗುತ್ತದೆ. ದೊಡ್ಡಮ್ಮನ ಆ ರಾತ್ರಿ ನೆನೆದರೆ ಇದನ್ನು ಇನ್ನೂ ನಾಲ್ಕು ಸಲ ಬರೆಯಬೇಕೆನಿಸುತ್ತದೆ.

ಮುಟ್ಟಿದರೆ, ಜೊತೆಗೆ ಕೂತು ಉಂಡರೆ ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನ ಯಂತ್ರದಿಂದ ರೇಡಿಯೇಷನ್ ಕೊಟ್ಟರೆ ರೋಗಿಯ ಮೈಯಿಂದ ವಿಕಿರಣವೂ ಬರುವುದಿಲ್ಲ, ಮೊಮ್ಮಕ್ಕಳನ್ನು ದೂರ ಇಡಬೇಡಿ. ಕೀಮೋ ಆದ ಮೊದಲ ಎರಡು ದಿನ ವಾಂತಿ, ಮೂತ್ರ ಶುಚಿ ಮಾಡುವವರು ಕೈಗವಸು ಹಾಕಿಕೊಂಡರೆ ಸಾಕು.

ಕೂದಲು ಉದುರುವ ಔಷಧವಾದರೆ ಎರಡು–ಮೂರು ವಾರಕ್ಕೆ ದಿಂಬಿನ ಮೇಲೆ ಎಳೆಎಳೆಯಾಗಿ ಕಾಣತೊಡಗುತ್ತದೆ. ಇದನ್ನೂ ಮೊದಲೇ ಹೇಳಿ. ನಿಜ ಗೊತ್ತಾದ ಮೇಲೆ ದೊಡ್ಡಮ್ಮ ಕನ್ನಡಿ ತರಿಸಿಕೊಂಡು, "ನೀನೇ ಬೋಳಿಸು, ಬೇರೆ ಯಾರೂ ಬೇಡ" ಎಂದರು. ನನ್ನ ಕೈ ನಡುಗುತ್ತಿತ್ತು. ಅವರು ಅಲುಗಾಡದೆ ಕೂತಿದ್ದರು.

"ಏನೂ ಆಗಲ್ಲ ಬಿಡು" ಎನ್ನುವ ಮಾತನ್ನು ಆದಷ್ಟು ಕಡಿಮೆ ಆಡಿ. ಅಲ್ಲಿಗೆ ಅವರ ಮಾತು ನಿಂತುಹೋಗುತ್ತದೆ. ಆಸ್ಪತ್ರೆಯ ಓಡಾಟವೆಲ್ಲ ಒಬ್ಬರ ತಲೆಗೇ ಬೀಳದಂತೆಯೂ ನೋಡಿಕೊಳ್ಳಿ. ರಾತ್ರಿ ಉಳಿಯುವವರು ಒಬ್ಬರಾದರೆ ಬಿಲ್ಲು, ಕಾಗದಪತ್ರ ನೋಡುವವರು ಇನ್ನೊಬ್ಬರಿರಲಿ.

ನಿಮ್ಮ ಅಣ್ಣನೂ ಹೆದರಿದ್ದಾನೆ, ಅವನ ಮೇಲೆ ಸಿಟ್ಟಾಗಬೇಡಿ. ಡಾಕ್ಟರರನ್ನು ಕಾಣಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಅಮ್ಮನ ಪಕ್ಕದ ಕುರ್ಚಿಯಲ್ಲಿ ಅವನು ಕೂರಲಿ, ನೋಟ್‌ಬುಕ್ ನಿಮ್ಮ ಕೈಯಲ್ಲಿರಲಿ.