ಚಿಕ್ಕಮ್ಮನ ಒಸಡು ಮತ್ತು ಲೆಟ್ರೊಜೋಲ್

"ಹಲ್ಲುಜ್ಜುದ್ರೆ ರಕ್ತ ಬತ್ತದೆ ಕಣೇ" ಅಂದರು ಚಿಕ್ಕಮ್ಮ. ಆಲೂರಿನ ಮನೆಯ ಬಚ್ಚಲಲ್ಲಿ ಉಗುಳಿದ ನೊರೆ ತಿಳಿ ಗುಲಾಬಿಯಾಗಿತ್ತು. ಅಕ್ಕಿ ರೊಟ್ಟಿಯನ್ನು ಕೆಲವು ತಿಂಗಳಿಂದ ಕಾಫಿಗೆ ಅದ್ದಿಯೇ ತಿನ್ನುತ್ತಿದ್ದರು. ಬಾಯಿ ಒಣಗಿ ರೊಟ್ಟಿ ಇಳಿಯುತ್ತಿರಲಿಲ್ಲ. ವಯಸ್ಸಾಯ್ತಲ್ಲ ಅಂತ ನಾವೂ ಸುಮ್ಮನಿದ್ದೆವು. ದಿನಾ ರಾತ್ರಿ ನುಂಗುವ ಲೆಟ್ರೊಜೋಲ್ ಮಾತ್ರೆ ಯಾರಿಗೂ ನೆನಪಾಗಲಿಲ್ಲ. ಅದು ಸ್ತನ ಕ್ಯಾನ್ಸರ್‌ಗೆ ಕೊಟ್ಟದ್ದು. ಬಾಯಿಗೂ ಅದಕ್ಕೂ ಏನು ಸಂಬಂಧ, ಅಲ್ವಾ?

ಬಹಳಷ್ಟು ಸ್ತನ ಕ್ಯಾನ್ಸರ್‌ಗಳಿಗೆ ಈಸ್ಟ್ರೋಜೆನ್ ಹಾರ್ಮೋನೇ ಗೊಬ್ಬರ. 1896ರಲ್ಲಿ ಗ್ಲಾಸ್ಗೋದ ಸರ್ಜನ್ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದರೆ ಗೆಡ್ಡೆ ಕುಗ್ಗುವುದನ್ನು ವರದಿ ಮಾಡಿದರು. ಈಸ್ಟ್ರೋಜೆನ್ ಅನ್ನುವ ಹೆಸರೇ ಆಗ ಇರಲಿಲ್ಲ! ಮುಟ್ಟು ನಿಂತ ಮೇಲೂ ಕೊಬ್ಬು, ಸ್ನಾಯುಗಳಲ್ಲಿ ಅರೊಮಟೇಸ್ ಎಂಬ ಕಿಣ್ವ ಸ್ವಲ್ಪ ಸ್ವಲ್ಪ ಈಸ್ಟ್ರೋಜೆನ್ ತಯಾರಿಸುತ್ತಲೇ ಇರುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಅದರ ಕೈ ಕಟ್ಟುತ್ತವೆ. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಟಮಾಕ್ಸಿಫೆನ್, ಅದರ ದಾರಿ ಬೇರೆ. ಈಸ್ಟ್ರೋಜೆನ್ ಕೂರುವ ಜಾಗಕ್ಕೆ ತಾನೇ ಹೋಗಿ ಕೂತುಬಿಡುತ್ತದೆ.

ಆದರೆ ಅಂಥ ಜಾಗಗಳು ಎದೆಯಲ್ಲಿ ಮಾತ್ರ ಇಲ್ಲ. ಒಸಡಿನಲ್ಲಿವೆ, ಜೊಲ್ಲಿನ ಗ್ರಂಥಿಯಲ್ಲಿವೆ, ಹಲ್ಲು ಹಿಡಿದಿರುವ ಮೂಳೆಯಲ್ಲಿವೆ. ಬಸುರಿಯರ ಒಸಡು ಊದುವುದು ಗೊತ್ತಲ್ಲ, ಅದೂ ಹಾರ್ಮೋನಿನ ಆಟವೇ. ಈಸ್ಟ್ರೋಜೆನ್ ಇಳಿದರೆ ಮೂಳೆ ಸವೆಯುವ ವೇಗ ಹೆಚ್ಚುತ್ತದೆ, ಬಾಯಿಯೂ ಒಣಗಬಹುದು. ಜೊಲ್ಲು ಕಡಿಮೆಯಾದರೆ ಬಾಯಿ ತೊಳೆಯುವವರಿಲ್ಲ. ಹಾಗಂತ ಮಾತ್ರೆ ಒಂದೇ ಒಸಡು ಕೆಡಿಸುವುದಿಲ್ಲ. ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿ, ಅದರೊಳಗಿನ ಬ್ಯಾಕ್ಟೀರಿಯಾ ಮೊದಲೇ ಇರಬೇಕು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲೂ ಇಲ್ಲ.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಇನ್ನೊಂದಕ್ಕೆ. ಈ ಮಾತ್ರೆಯಿಂದ ಮೂಳೆ ಟೊಳ್ಳಾಗದಿರಲಿ ಅಂತ ಕೆಲವರಿಗೆ ಜೊಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಶುರುವಾದ ಮೇಲೆ ಹಲ್ಲು ಕಿತ್ತರೆ, ಅಪರೂಪಕ್ಕೆ, ಗಾಯ ಮಾಯದೆ ದವಡೆ ಮೂಳೆಯೇ ಸಾಯುವುದುಂಟು. ಕೀಳಬೇಕಾದ ಹಲ್ಲಿದ್ದರೆ ಇಂಜೆಕ್ಷನ್‌ಗೆ ಮೊದಲೇ ಮುಗಿಸಿಕೊಳ್ಳಿ ಅನ್ನುವುದು ಅದಕ್ಕೇ. ಚಿಕ್ಕಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಪುಣ್ಯಕ್ಕೆ ಇಂಜೆಕ್ಷನ್ ಇನ್ನೂ ಶುರುವಾಗಿರಲಿಲ್ಲ.

ಹಾಸನದಲ್ಲಿ ಹಲ್ಲಿನ ಡಾಕ್ಟರು ಏನೇನು ಮಾತ್ರೆ ತಗೊಳ್ತೀರಿ ಅಂದರು. ಚಿಕ್ಕಮ್ಮ ಬಿಪಿದು ಒಂದೇ ಅಂದುಬಿಟ್ಟರು. ನಾನು ತಿವಿದೆ. "ಹಲ್ಲಿನ ಡಾಕ್ಟ್ರಿಗೆ ಅದೆಲ್ಲ ಯಾಕೆ?" ಅಂತ ಕಿವಿಯಲ್ಲಿ ಗೊಣಗಿದರು. ಕೊನೆಗೆ ಲೆಟ್ರೊಜೋಲ್ ಹೆಸರು ನಾನೇ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಮತ್ತೆ ಬಾಯಿ ತೆರೆಸಿ, ಒಂದೊಂದು ಹಲ್ಲಿನ ಸುತ್ತ ಒಸಡು ಎಷ್ಟು ಆಳ ಬಿಟ್ಟಿದೆ ಅಂತ ಸಣ್ಣ ಕಡ್ಡಿಯಿಂದ ಅಳೆದರು.

ರಕ್ತ ಬರುತ್ತದೆ ಅಂತ ಮಾತ್ರೆ ಬಿಟ್ಟೇಬಿಡೋಣ ಅನ್ನುವ ಯೋಚನೆಯೂ ಚಿಕ್ಕಮ್ಮನಿಗೆ ಬಂದಿತ್ತಂತೆ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ನುಂಗಬೇಕಾದ ಮಾತ್ರೆ ಅದು. ಹಾಗೆಲ್ಲ ಬಿಡಬೇಡಿ, ನಿಮ್ಮ ಕ್ಯಾನ್ಸರ್ ಡಾಕ್ಟರ ಹತ್ತಿರ ನಾನೇ ಮಾತಾಡ್ತೀನಿ ಅಂದರು ಅವರು. ಹಲ್ಲು ಕ್ಲೀನ್ ಮಾಡಿ, ಮೆತ್ತನೆಯ ಬ್ರಷ್ ಬರೆದುಕೊಟ್ಟು, 3 ತಿಂಗಳಿಗೆ ಮತ್ತೆ ಬರಹೇಳಿದರು. ಎಲೆ ಅಡಿಕೆ ಬಿಡಿ ಅಂದಾಗ ಮಾತ್ರ ಚಿಕ್ಕಮ್ಮ ಕಿಟಕಿಯ ಕಡೆ ನೋಡಿದರು.